ಯಾರೂ ಹೆದರದ ಜಾಗ

ಭಾನುವಾರ, ಬೆಳಗ್ಗೆ

ಚಿರಂಜೀವಿ ಮಗನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ? ಸೊಸೆಯ ಕೈಗೆ ಹಾಕಿದ ಪಟ್ಟಿ ಬಿಚ್ಚಿದರೇ? ತೊಟ್ಟಿಲಲ್ಲಿರುವ ಗುಂಡಣ್ಣನಿಗೆ ಹಲ್ಲು ಬಂತೇ? ರಜೆಗೆ ಬಂದಿರುವ ನಿನ್ನ ಮಗಳು ಚಿನಕುರಳಿ, ನಾನು, ಇಬ್ಬರೂ ಆರೋಗ್ಯ. ಪತ್ರ ತಡವಾಯಿತು, ಬೇಸರಿಸಬೇಡ. ಮೂರು ಸಲ ಬರೆದು ಹರಿದು ಹಾಕಿದೆ. ಪೋಸ್ಟರ್ ನೋಡಿ ಅಕ್ಷರ ಕಲಿತವನು ನಾನು. ದೊಡ್ಡದಾಗಿ ಬರೆಯಲು ಬರುತ್ತದೆ, ನಯವಾಗಿ ಬರೆಯಲು ಬರುವುದಿಲ್ಲ.

ನಮ್ಮ ಥಿಯೇಟರಿನಲ್ಲಿ ಈಗ ಮಕ್ಕಳ ದೆವ್ವದ ಸಿನಿಮಾ ಓಡುತ್ತಿದೆ. ಕಪ್ಪೆತಲೆಯ ಮನುಷ್ಯ, ಎಂಟು ಕೈಯ ಮುದುಕಿ, ಬಾವಿಯಿಂದ ಉರುಳಿಬರುವ ಹಲ್ಲಿನ ಚೆಂಡು, ಒಂದೇ ಎರಡೇ! ಟಾರ್ಚ್ ಹಿಡಿದು ಸೀಟು ತೋರಿಸುವ ನನಗೆ, ಮಕ್ಕಳು ಎಲ್ಲೆಲ್ಲಿ ಚೀರುತ್ತಾರೆಂಬುದು ಮೂರು ವಾರದಲ್ಲಿ ಬಾಯಿಪಾಠವಾಗಿದೆ. ಆ ಹೊತ್ತಿಗೆ ಬಾಗಿಲ ಬಳಿ ನಿಂತಿರುತ್ತೇನೆ, ಅಳುವವರನ್ನು ಹೊರಗೆ ಕರೆದೊಯ್ಯಲು.

ಬುಧವಾರ ಮಧ್ಯಾಹ್ನದ ಆಟಕ್ಕೆ ಚಿನಕುರಳಿಯನ್ನು ಕೂರಿಸಿದೆ. "ಕಣ್ಣು ಮುಚ್ಕೋ, ಈಗ ಕಪ್ಪೆ ಬರುತ್ತೆ" ಎಂದು ಪಿಸುಗುಟ್ಟಿದರೆ, "ತಾತ, ಸುಮ್ನಿರು. ಅದರ ಹಲ್ಲು ರಬ್ಬರ್‌ದು, ಬಾಗ್ತಾ ಇದೆ ನೋಡು" ಎಂದಳು. ಸುತ್ತ ಇಡೀ ಸಾಲು ಕಿರುಚುತ್ತಿತ್ತು. ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಮಾರುವವನು, "ಏನ್ ಯಜಮಾನ್ರೇ, ನಿಮ್ಮ ಮೊಮ್ಮಗಳನ್ನ ನೋಡಿ ದೆವ್ವಗಳೇ ರಜಾ ಹಾಕ್ತವಂತೆ" ಎಂದ. ನಾನೂ ಮೀಸೆ ತಿರುವಿದೆ.

ಆಮೇಲೊಂದು ಜಾಗ ಬರುತ್ತದೆ. ಯಾವ ಮಗುವೂ ಅಲ್ಲಿ ಹೆದರುವುದಿಲ್ಲ. ಕಥೆಯ ಹುಡುಗಿಯ ಅಪ್ಪ ಕೆಲಸ ಮುಗಿಸಿ ಮನೆಗೆ ಬರುತ್ತಾನೆ. ಬೀಗ ತೆಗೆಯುತ್ತಾನೆ, ಶೂ ಬಿಚ್ಚುತ್ತಾನೆ, ಅಷ್ಟೇ. ನಾನು ನೀರು ಕುಡಿಯಲು ಹೋಗುವುದು ಆಗಲೇ. ಅವತ್ತೂ ಹೋಗುತ್ತ ಚಿನಕುರಳಿಯ ಕಡೆ ಟಾರ್ಚ್ ಬಿಟ್ಟೆ. ಸೀಟು ಖಾಲಿ.

ಬಗ್ಗಿ ನೋಡಿದರೆ ಸೀಟಿನಡಿ ಮುದುರಿ ಕೂತಿದ್ದಳು. ಫ್ರಾಕು ಒದ್ದೆ.

"ಯಾಕೆ ಪುಟ್ಟಿ? ಇಲ್ಲಿ ದೆವ್ವ ಇಲ್ವಲ್ಲ?"

"ಶ್... ಶೂ ಮೆಲ್ಲಗಿಟ್ರಾ, ಬಿಸಾಕಿದ್ರಾ ತಾತ?"

"ಯಾಕಮ್ಮ?"

"ಮೆಲ್ಲಗಿಟ್ರೆ ಊಟಕ್ಕೆ ಹೋಗಬಹುದು. ಬಿಸಾಕಿದ್ರೆ ಅಮ್ಮ ಪಾಪುನ ನನ್ನ ಕೈಗೆ ಕೊಟ್ಟು, ಒಳಗಿಂದ ಚಿಲಕ ಹಾಕ್ಕೋ ಅಂತಾಳೆ."

ಮಗನೇ, ಸೊಸೆ ಬಚ್ಚಲಲ್ಲಿ ಜಾರಿಬಿದ್ದಳೆಂದು ನೀನು ಬರೆದದ್ದನ್ನು ನಾನು ನಂಬಿದ್ದೆ.

ನಾಳೆ ಶಾಲೆ ತೆರೆಯುತ್ತದೆ, ಗೊತ್ತು. ಮಗುವನ್ನು ಬಸ್ಸು ಹತ್ತಿಸುವುದಿಲ್ಲ. ಈ ಪತ್ರ ತಂದುಕೊಟ್ಟಿರುವವನು ಸೊಸೆಯ ಅಣ್ಣ. ಅವನು ಒಳಗೆ ಬಂದು ಕೂರುವುದಿಲ್ಲ, ಕಾಫಿ ಕಾಯಿಸಬೇಡಿ. ಅವನ ಜೊತೆ ಸೊಸೆಯನ್ನೂ ಕೂಸನ್ನೂ ಕಳಿಸು. ನನ್ನ ಎರಡು ಕೋಣೆಯಲ್ಲಿ ಒಂದು ಅವರದು. ಅಡ್ಡ ನಿಲ್ಲಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ಇಂತು,
ನಿನ್ನ ಅಪ್ಪ

ತಾ.ಕ.: ನಿನ್ನ ಎಡಗಿವಿ ಜ್ವರದಿಂದ ಹೋಯಿತೆಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ ಹಾಗೇ ಹೇಳಿ ಬೆಳೆಸಿದೆ. ನಿನಗೆ ಯಾವ ಜ್ವರವೂ ಬಂದಿರಲಿಲ್ಲ. ನೀನು ನಾಲ್ಕು ವರ್ಷದ ಕೂಸಾಗಿದ್ದೆ, ಹಾಲು ಚೆಲ್ಲಿದ್ದೆ. ಬಿದ್ದದ್ದು ನನ್ನ ಕೈ. ನಿನ್ನ ಅಮ್ಮ ಸಾಯುವವರೆಗೂ ಬಾಯಿ ಬಿಡಲಿಲ್ಲ, ಬಿಡದಂತೆ ನೋಡಿಕೊಂಡವನೂ ನಾನೇ. ಬೈದಾದರೂ ಸರಿ, ಎರಡು ಸಾಲು ಬೇಗ ಬರೆ.