ಅತ್ತೆಯ ದಾರಿಯಲ್ಲಿ ಬಿಡಾರ ಹೂಡಿಸಿದ ಮುಖ್ಯ ಇಂಜಿನಿಯರರಿಗೆ

ಸಿಲ್ವರ್ ಹೀಲ್, ಕೊಲರಾಡೊ
ನವೆಂಬರ್ 1881

ಮಾನ್ಯರೇ,

ತಮ್ಮ ಕಚೇರಿಯ ನೋಟಿಸು ಕೈಸೇರಿತು. ರೈಲು ಹಾದಿ ಕಡಿಯುವ ಕೂಲಿಗಳ ಬಿಡಾರಕ್ಕೆ ಮುಟ್ಟಿಸಬೇಕಿದ್ದ ನಲವತ್ತು ಮೂಟೆ ಹಿಟ್ಟು, ಬೀನ್ಸ್ ಕಾಳು, ಉಪ್ಪಿನ ಹಂದಿಮಾಂಸ ಇಷ್ಟನ್ನೂ ನಾನು 'ದುರುದ್ದೇಶದಿಂದ' ಅರ್ಧ ಮೈಲಿ ಆಚೆ ಇಳಿಸಿದ್ದೇನೆ ಎಂದು ಅದರಲ್ಲಿದೆ. ಹೌದು, ಇಳಿಸಿದ್ದೇನೆ. ದಿಬ್ಬದ ಮೇಲೆ, ಸ್ಪ್ರೂಸ್ ಮರಗಳ ನಡುವೆ, ಕೆಳಗೆ ಹಲಗೆ ಹಾಸಿ, ಮೇಲೆ ಟಾರ್ಪಾಲು ಬಿಗಿದು ಇಳಿಸಿದ್ದೇನೆ. ಒಂದು ಹಿಡಿ ಹಿಟ್ಟೂ ಕೆಟ್ಟಿಲ್ಲ. ಉದ್ದೇಶವೂ ಇತ್ತು. ಅದು ಎಂಥ ಉದ್ದೇಶ ಎಂದು ಊರೇ ತಿಳಿಯಲಿ ಅಂತ ಇದನ್ನು ನಮ್ಮ ಪತ್ರಿಕೆಗೆ ಕೊಡುತ್ತಿದ್ದೇನೆ. ಹಿಂದೆ ತಮಗೇ ಬರೆದ ಎರಡು ಕಾಗದಗಳಿಗೆ 'ಗಮನಿಸಲಾಗಿದೆ' ಎಂಬ ಒಂದೇ ಉತ್ತರ ಬಂದಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕು.

ನಾನು ಹೇಸರಗತ್ತೆಗಳ ಮೇಲೆ ಸಾಮಾನು ಹೇರಿ ಗಣಿಗಳಿಗೆ ಮುಟ್ಟಿಸುವವಳು. ರೈಲು ಬಂದರೆ ನನ್ನ ಹದಿನಾಲ್ಕು ಪ್ರಾಣಿಗಳು ಕೂತು ಹುಲ್ಲು ತಿನ್ನಬೇಕಾಗುತ್ತದೆ. ಹಾಗಾಗಿ ಈ ಹೆಂಗಸಿಗೆ ಹೊಟ್ಟೆಯುರಿ ಎಂದು ತಮ್ಮ ಕಚೇರಿಯಲ್ಲಿ ನಗುತ್ತಾರಂತೆ. ಹೊಟ್ಟೆ ಉರಿಯದೆ ಇರುತ್ತದೆಯೇ ಸ್ವಾಮಿ? ಆದರೆ ತಮ್ಮ ಕಬ್ಬಿಣದ ಕಂಬಿಗಳನ್ನು ಈ ಕಡಿದಾದ ಬೆಟ್ಟ ಹತ್ತಿಸಿದ್ದು ಯಾರು? ಇದೇ ಹೇಸರಗತ್ತೆಗಳು. ನಮ್ಮ ಗೋರಿಯ ಕಲ್ಲನ್ನು ನಾವೇ ಹೊತ್ತು ತಂದವರು ನಾವು. ರೈಲು ಬರಲಿ. ನಾನು ಬರೆಯುತ್ತಿರುವುದು ರೈಲಿನ ವಿಷಯವಲ್ಲ, ಜನ ಮಲಗುವ ಜಾಗದ ವಿಷಯ.

ತಮ್ಮ ಸರ್ವೆಯವರು ಬಂದದ್ದು ಜುಲೈಯಲ್ಲಿ. ಬೆಟ್ಟದ ತುಂಬ ಕಾಡು, ನಡುವೆ ನೆತ್ತಿಯಿಂದ ಹೊಳೆಯವರೆಗೆ ನೂರು ಮಾರು ಅಗಲದ ಬೋಳು ಪಟ್ಟಿ, ಅದರ ತುಂಬ ಹಳದಿ ಹೂವು. ತಮ್ಮ ಕಿರಿಯ ಇಂಜಿನಿಯರರು ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ ನನ್ನನ್ನು ಕೇಳಿದರು:

"ಎಂಥಾ ಜಾಗ ಕಣಮ್ಮಾ! ಒಂದು ಮರಾನೂ ಕಡಿಯೋದು ಬೇಕಿಲ್ಲ. ಯಾರು ಇಷ್ಟು ಚೊಕ್ಕ ಮಾಡಿಟ್ಟಿದ್ದು?"

"ಅತ್ತೆ," ಅಂದೆ.

"ಯಾರ ಅತ್ತೆ?"

"ಎಲ್ಲರ ಅತ್ತೆ. ಹೇಳ್ದೆ ಬರ್ತಾಳೆ, ಬಂದ್ರೆ ಮನೇಲಿ ಒಂದು ಪಾತ್ರೆ ಉಳಿಸೋದಿಲ್ಲ. ಹಿಮ ಜಾರೋ ದಾರಿ ಸ್ವಾಮಿ ಅದು. ಬಿದ್ದಿರೋ ಮರ ನೋಡಿ, ಎಲ್ಲಾದರ ತಲೆಯೂ ಕೆಳಗೇ ಇದೆ."

ಅವರು ನಕ್ಕರು, ಗೂಟ ಹೊಡೆದರು. ಸೆಪ್ಟೆಂಬರಿನಲ್ಲಿ ಅರವತ್ತೆರಡು ಜನರ ಬಿಡಾರ ಆ ಪಟ್ಟಿಯ ಬುಡದಲ್ಲೇ ಎದ್ದು ನಿಂತಿತು. ಬೆಟ್ಟದ ಮೇಲೆ ಮರಗಳಿಲ್ಲದ ಜಾಗದಲ್ಲಿ ಮರಗಳೇಕಿಲ್ಲ ಎಂದು ಕೇಳುವುದನ್ನು ತಮ್ಮ ಕಾಲೇಜುಗಳಲ್ಲಿ ಕಲಿಸುವುದಿಲ್ಲವೇ? ನಮ್ಮ ಕಾರ್ನ್‌ವಾಲಿನಿಂದ ಬಂದ ಗಣಿಯವರು ನೆಲದಡಿಯ ಕುಳ್ಳ ಭೂತಗಳಿಗೆ ತಮ್ಮ ಬುತ್ತಿಯ ಪೇಸ್ಟಿ ಕಡುಬಿನ ತುದಿ ಮುರಿದಿಡುತ್ತಾರೆಂದು ತಮ್ಮವರು ಆಡಿಕೊಳ್ಳುತ್ತಾರೆ. ಇಡುತ್ತೇವೆ. ಆದರೆ ನಮ್ಮಲ್ಲಿ ಎಂಥ ದಡ್ಡನೂ ಆ ಪಟ್ಟಿಯಲ್ಲಿ ಚಳಿಗಾಲದಲ್ಲಿ ನಿಂತು ಮೂಗು ಒರೆಸಿಕೊಳ್ಳುವುದಿಲ್ಲ.

ಪುರಾವೆ ಬೇಕೇ? ನನ್ನ ಗಂಡ ಜ್ಯಾಕಿ ಟ್ರೆಂಬತ್ ಪುರಾವೆ. ಹಿಮಗಾಲದಲ್ಲಿ ಅತ್ತೆಯ ದಾರಿ ದಾಟುವಾಗ ನಾವು ಹೇರಿನವರು ಒಬ್ಬೊಬ್ಬರಾಗಿಯೇ ದಾಟುತ್ತೇವೆ, ಹೂಳಿಹೋದವರನ್ನು ಅಗೆಯಲು ಯಾರಾದರೂ ಉಳಿಯಲಿ ಅಂತ. ಸೊಂಟಕ್ಕೆ ಇಪ್ಪತ್ತು ಮಾರು ಕೆಂಪು ಉಣ್ಣೆಯ ದಾರ ಕಟ್ಟಿ ಹಿಂದೆ ಎಳೆದುಕೊಂಡು ಹೋಗುತ್ತೇವೆ. ಮನುಷ್ಯ ಮುಳುಗಿದರೂ ಹಗುರವಾದ ದಾರ ಹಿಮದ ಮೇಲೆ ಉಳಿಯುತ್ತದೆ. ಅದನ್ನು ಹಿಡಿದು ಅಗೆದರೆ ಆಳು ಸಿಗುತ್ತಾನೆ.

ಮೂರು ವರ್ಷದ ಕೆಳಗೆ ಫೆಬ್ರವರಿಯಲ್ಲಿ ನಮ್ಮ ಬಳಿ ಉಳಿದಿದ್ದು ಎರಡೇ ದಾರ. ಒಂದನ್ನು ಜ್ಯಾಕಿ ನನಗೆ ಕಟ್ಟಿದ. ಇನ್ನೊಂದನ್ನು ಗಂಟೆಯ ಕುದುರೆಗೆ ಕಟ್ಟಿದ. ಕತ್ತಿನ ಗಂಟೆ ಆಡಿಸುತ್ತ ಆ ಹೆಣ್ಣು ಕುದುರೆ ಮುಂದೆ ನಡೆಯದಿದ್ದರೆ ಹೇಸರಗತ್ತೆಗಳು ಒಂದು ಹೆಜ್ಜೆ ಇಡುವುದಿಲ್ಲ.

"ನೀನು ಕಟ್ಕೊಳ್ಳೋ ಮಾರಾಯಾ," ಅಂದೆ.

"ನಾನು ಹೋದ್ರೆ ನೀನು ದಂಧೆ ನಡಸ್ತೀಯಾ. ಅದು ಹೋದ್ರೆ ಯಾರು ನಡಸ್ತಾರೆ? ಸುಮ್ನೆ ಬಾರೇ," ಅಂದ.

ಇಂಥ ಲೆಕ್ಕಾಚಾರ ಹೇರಿನವನಿಗೆ ಬಿಟ್ಟು ಬೇರೆ ಯಾರಿಗೂ ಹೊಳೆಯುವುದಿಲ್ಲ. ಕುದುರೆಯ ಕತ್ತು ಹಿಡಿದುಕೊಂಡು ಅವನು ಪಟ್ಟಿಗೆ ಇಳಿದ. ನಾನು ಈಚೆ ಮರಗಳ ಮರೆಯಲ್ಲಿ ನಿಂತು ನೋಡುತ್ತಲೇ ಇದ್ದೆ, ಅತ್ತೆ ಬಂದಳು. ದಾರ ಹಿಡಿದು ಕುದುರೆಯನ್ನು ಒಂದು ಗಳಿಗೆಯಲ್ಲಿ ಅಗೆದು ಜೀವಸಹಿತ ತೆಗೆದೆವು. ಜ್ಯಾಕಿ ಜೂನ್ ತಿಂಗಳಲ್ಲಿ, ಹಿಮ ಕರಗಿದ ಮೇಲೆ ಸಿಕ್ಕ. ಕುದುರೆ ಇದ್ದದ್ದಕ್ಕೆ ಆರೇ ಹೆಜ್ಜೆ ದೂರದಲ್ಲಿದ್ದ. ಅವನನ್ನು ನಾನಿನ್ನೂ ಕ್ಷಮಿಸಿಲ್ಲ.

ಆದ್ದರಿಂದಲೇ ಹಿಟ್ಟನ್ನು ದಿಬ್ಬದ ಮೇಲೆ ಇಳಿಸಿದೆ. ಕಾಗದಕ್ಕೆ ಬಗ್ಗದವರು ಹೊಟ್ಟೆಗೆ ಬಗ್ಗುತ್ತಾರೆ. ಎರಡು ದಿನ ಕೂಲಿಗಳು ಬೈಯುತ್ತ ಹತ್ತಿ ಬಂದು ಉಂಡು ಹೋದರು. ಮೂರನೆಯ ದಿನ ಅಡುಗೆಯವನು ಒಲೆಯನ್ನೇ ಎಳೆದು ತಂದ. ನಾಲ್ಕನೆಯ ದಿನ ಅರವತ್ತೆರಡು ಜನರೂ ಹಾಸಿಗೆ ಸುತ್ತಿಕೊಂಡು ಮರಗಳ ನಡುವೆ ಬಂದರು. ಒಂದು ವಾರ ನಾನು ಕಣ್ಣುತುಂಬ ನಿದ್ದೆ ಮಾಡಿದೆ.

ಆಮೇಲೆ ತಮ್ಮ ಆಜ್ಞೆ ಬಂತು. 'ಗೊತ್ತುಪಡಿಸಿದ ಬಿಡಾರದ ಹೊರಗೆ ಮಲಗುವವರ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಲಾಗುವುದು.' ಒಂಟಿ ಆಳುಗಳು ಆಜ್ಞೆಗೆ ಉಗಿದು ದಿಬ್ಬದಲ್ಲೇ ಉಳಿದರು, ಅವರಿಗೆ ಗಣಿಯಲ್ಲಿ ಕೆಲಸ ಸಿಗುತ್ತದೆ. ಹೆಂಡತಿ ಮಕ್ಕಳಿರುವ ಹನ್ನೊಂದು ಜನ ಮಾತ್ರ ಕೆಳಗಿಳಿದರು. ನೋಡಿ, ತಮ್ಮ ಆಜ್ಞೆ ಎಷ್ಟು ಚೆನ್ನಾಗಿ ಆರಿಸಿದೆ! ಅವರ ಮೇಸ್ತ್ರಿ ಐರ್ಲೆಂಡಿನವನು, ಫೆಲಿಮ್ ಗ್ಯಾಲಗ್ಲಿ. ಹಾಸಿಗೆ ಹೊತ್ತು ಇಳಿಯುತ್ತಿದ್ದವನನ್ನು ದಾರಿಗೆ ಅಡ್ಡ ನಿಂತು ತಡೆದೆ.

"ಮೇಲೇನಿದೆ ಅಂತ ನಂಗೊತ್ತಿಲ್ವೇನಮ್ಮಾ? ಹೆಸರು ಹೊಡೆದು ಹಾಕಿದ್ರೆ ಮನೇಲಿರೋ ನಾಲ್ಕು ಮಕ್ಕಳಿಗೆ ಏನು ಹೇಳ್ಲಿ?" ಅಂದ.

"ಸತ್ರೆ ಏನು ಹೇಳ್ತೀಯೋ?"

"ಸತ್ತೋನು ಏನೂ ಹೇಳ್ಬೇಕಾಗಿಲ್ವಲ್ಲ. ಅದೊಂದು ಅನುಕೂಲ," ಅಂತ ನಕ್ಕು ಹೋದ. ನಾನು ಅಳುವವಳಲ್ಲ, ಅವತ್ತು ಅತ್ತುಬಿಟ್ಟೆ.

ನಿನ್ನೆಯಿಂದ ಹಿಮ ಬೀಳುತ್ತಿದೆ. ಕಳ್ಳತನದ ಮೊಕದ್ದಮೆ ಹೂಡುತ್ತೀರಾ, ಹೂಡಿ. ಶೆರೀಫನನ್ನು ಕಳಿಸಿ, ನಾನೇ ಕೈ ಮುಂದೆ ಚಾಚುತ್ತೇನೆ. ಹಳಿಯ ದಾರಿಯನ್ನು ಹೊಳೆಯಾಚೆ ತಿರುಗಿಸಬೇಕೋ ಬೇಡವೋ ಎಂದು ವಸಂತದಲ್ಲಿ ಸಾವಕಾಶವಾಗಿ ಚರ್ಚೆ ಮಾಡೋಣ. ಇವತ್ತು ಕೇಳುವುದು ಒಂದೇ: ಆ ಆಜ್ಞೆಯನ್ನು ಹಿಂದಕ್ಕೆ ಪಡೆದು ಕೂಡಲೇ ತಂತಿ ಕಳಿಸಿ.

ಕಳಿಸಲಾಗದಿದ್ದರೆ ಇನ್ನೊಂದು ಕೆಲಸ ಮಾಡಿ. ಹನ್ನೊಂದು ಜನರ ಮನೆ ವಿಳಾಸಗಳನ್ನು ಇದರೊಡನೆ ಇಟ್ಟಿದ್ದೇನೆ. ಸಾವಿನ ಸುದ್ದಿಯ ಕಾಗದಗಳನ್ನು ಯಾರಾದರೂ ಬರೆಯಲೇಬೇಕಲ್ಲ, ತಾವೇ ತಮ್ಮ ಕೈಯಾರೆ ಇವತ್ತೇ ಬರೆದಿಡಿ. ಮೊದಲನೆಯದು ಫೆಲಿಮನ ಹೆಂಡತಿಗೆ. ಅವಳ ಹೆಸರು ಓನಾ. ನಿಮ್ಮ ಗಂಡ ಯಾಕೆ ಅಲ್ಲಿ ಮಲಗಿದ್ದ ಎಂಬ ಸಾಲಿಗೆ ಬಂದಾಗ ತಮ್ಮ ಕೈ ನಿಂತರೆ, ದಯವಿಟ್ಟು ನೆನಪಿಡಿ, ಅವನಿನ್ನೂ ಬದುಕಿದ್ದಾನೆ.

ಇಂತಿ,
ತಮ್ಮ ಕಡತದಲ್ಲಿ ಕಳ್ಳಿ, ಊರಿನ ಬಾಯಲ್ಲಿ ಗಯ್ಯಾಳಿ,
ಹೇಸರಗತ್ತೆಯ ಹೇರಿನವಳು
ಲವ್‌ಡೇ ಟ್ರೆಂಬತ್