ಎಣ್ಣೆ ಬಿಟ್ಟವನು

ಗುತ್ತಲು, ಮಂಡ್ಯ
10 ನವೆಂಬರ್ 2024, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೈ ಕಡಿತ ಸ್ವಲ್ಪವಾದರೂ ಕಡಿಮೆಯಾಯಿತಾ? ಕಾಲಿನ ಊತ ಇಳಿದಿದೆ ಎಂದು ಅಶೋಕ್ ಭಾವ ಫೋನಿನಲ್ಲಿ ಹೇಳಿದರು. ನಿಜವಾಗಿ ಇಳಿದಿದೆಯೋ, ನಮ್ಮ ಸಮಾಧಾನಕ್ಕೆ ಹಾಗೆಂದರೋ ಗೊತ್ತಾಗಲಿಲ್ಲ. ಆಸ್ಪತ್ರೆ ಪಕ್ಕದ ಆ ಬಾಡಿಗೆ ಕೋಣೆಯಲ್ಲಿ ನಿದ್ದೆ ಬರುತ್ತಿದೆಯಾ? ಉಪ್ಪಿಲ್ಲದ ಊಟ ಮಾಡುವಾಗ ಅವ್ವನ ಉಪ್ಸಾರು ನೆನಪಾಗಿ ಕಣ್ಣಲ್ಲಿ ನೀರು ಬಂತು ಎಂದಿದ್ದೆಯಲ್ಲ, ಅದನ್ನು ಅವ್ವನಿಗೆ ಹೇಳಿಲ್ಲ. ಹೇಳಿದರೆ ಖಾರ ಅರೆದುಕೊಂಡು ಬೆಂಗಳೂರಿಗೇ ಬಂದುಬಿಡುತ್ತಾಳೆ. ನಿನ್ನ ಮಗಳು ನಯನಳನ್ನು ಮೊನ್ನೆ ಹಾಸ್ಟೆಲಿಗೆ ಹೋಗಿ ನೋಡಿಬಂದೆ. ಚೆನ್ನಾಗಿದ್ದಾಳೆ. ನಗು ಮಾತ್ರ ಕಡಿಮೆ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿ ‘ಎಲ್ಲಾ ಸರಿಯಾಗೈತೆ ಕಣಕ್ಕ’ ಎಂದುಬಿಡುತ್ತದೆ. ಹಾಗೆ ಎಷ್ಟು ಸಲ ಸುಳ್ಳು ಹೇಳಿದ್ದೇನೋ. ಕೆಂಪಯ್ಯ ಮಾವ ಇವತ್ತು ಮಧ್ಯಾಹ್ನದ ರೈಲಿಗೆ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಲಿ ಕಳಿಸುತ್ತಿದ್ದೇನೆ. ಮದ್ದೂರಿನ ಹೈಸ್ಕೂಲಿನಲ್ಲಿ ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ನಿನಗೆ ಅಭ್ಯಾಸ, ಇದನ್ನೂ ತಿದ್ದುತ್ತಾ ಓದು. ಓದಿ ಭಾವನ ಕೈಗೂ ಕೊಡು.

ಮುಂಗಾರಿನಲ್ಲಿ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಮಾತಾಡಿದ ದಿನ ನೆನಪಿದೆಯಲ್ಲ. ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದ ನಿನ್ನ ಲಿವರು ತನ್ನಷ್ಟಕ್ಕೆ ತಾನೇ ಒಣಗುತ್ತಿದೆ, ಯಾರಾದರೂ ಒಬ್ಬರು ತಮ್ಮದರಲ್ಲಿ ಒಂದು ಭಾಗ ಕೊಡಬೇಕು ಎಂದರು. ಅವ್ವನಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ. ಭಾವನ ರಕ್ತದ ಗುಂಪು ಕೂಡಲಿಲ್ಲ. ನಯನ ಇನ್ನೂ ಚಿಕ್ಕವಳು. ಉಳಿದವನು ನಾನು. ನನ್ನ ಲಿವರಿನಲ್ಲಿ ಕೊಬ್ಬು ತುಂಬಿದೆ, ತೂಕ ಇಳಿಸಬೇಕು, ವ್ಯಾಯಾಮ ಮಾಡಬೇಕು, ಕುಡಿತವಂತೂ ಪೂರ್ತಿ ನಿಲ್ಲಿಸಬೇಕು, ಆಮೇಲೆ ನೋಡೋಣ ಎಂದರು. ‘ಅಪರೂಪಕ್ಕೂ ಬೇಡ’ ಎಂದು ಎರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ನೀನು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ.

ಅವತ್ತಿನಿಂದ ನಾನು ಊರಿಗೆಲ್ಲ ದೊಡ್ಡವನಾದೆ. ಅವ್ವ ನಮ್ಮೂರು ಶಿವಪುರದಲ್ಲಿ ಸಿಕ್ಕಿದವರಿಗೆಲ್ಲ ‘ನನ್ ಮಗ ಅವ್ರಕ್ಕಂಗೆ ಜೀವ ಕೊಡ್ತಾವ್ನೆ’ ಎಂದು ಹೇಳಿಕೊಂಡು ಬಂದಳು. ನಮ್ಮ ನೀರಾವರಿ ಕಚೇರಿಯಲ್ಲಿ ಸಾಹೇಬರೇ ಎದ್ದು ಬಂದು ಕೈ ಕುಲುಕಿದರು. ನಾನೂ ಮನಸ್ಸಿಟ್ಟೇ ಶುರುಮಾಡಿದೆ ಅಕ್ಕಾ, ಅದು ಸುಳ್ಳಲ್ಲ. ಬೆಳಿಗ್ಗೆ ಕ್ರೀಡಾಂಗಣದಲ್ಲಿ ಓಟ, ಸಂಜೆ ಜಿಮ್ಮು. ಗಂಡನ ಪಥ್ಯಕ್ಕೆಂದು ಮೋಹಿನಿ ನನ್ನ ಮುದ್ದೆಯನ್ನು ಮಗುವಿನ ಮುದ್ದೆಯಷ್ಟು ಚಿಕ್ಕದು ಮಾಡಿದಳು. ಒಗ್ಗರಣೆಗೆ ಎಣ್ಣೆ ಬೇಡವೆಂದು ಸಾಸಿವೆಯನ್ನು ಒಣಬಾಣಲೆಯಲ್ಲೇ ಸಿಡಿಸುತ್ತಿದ್ದಳು. ನಾನೊಬ್ಬನೇ ಚಪ್ಪೆ ತಿಂದರೆ ಬೇಜಾರಾಗುತ್ತದೆಂದು ತಾನೂ ಅದನ್ನೇ ತಿಂದಳು. ಪ್ಯಾಂಟುಗಳು ಸಡಿಲವಾದವು. ಮದ್ದೂರಿನಲ್ಲಿ ರೈಲಿನ ಕಿಟಕಿಗೆ ವಡೆಯ ಬುಟ್ಟಿ ಬಂದರೆ ಮುಖ ತಿರುಗಿಸುವಷ್ಟು ಗಟ್ಟಿಯಾಗಿದ್ದೆ.

ಜಿಮ್ಮಿನಲ್ಲಿ ಪುಟ್ಟರಾಜು ಪರಿಚಯವಾದ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಮಂಡಿ ಇಟ್ಟಿರುವವನು, ಒಳ್ಳೆಯ ಮನುಷ್ಯ. ಅವನಿಗೆ ನಿನ್ನ ವಿಷಯ ಹೇಳಿರಲಿಲ್ಲ, ಡಾಕ್ಟರು ತೂಕ ಇಳಿಸು ಅಂದವ್ರೆ ಅಂತಷ್ಟೇ ಹೇಳಿದ್ದೆ. ಯಾಕೆ ಹೇಳಲಿಲ್ಲ ಎನ್ನುವುದು ಆಗ ನನಗೇ ಗೊತ್ತಿರಲಿಲ್ಲ. ಆಷಾಢ ಕಳೆದ ಮೇಲೆ ಅವನ ನೆಂಟರ ಬೀಗರೂಟ ಮಳವಳ್ಳಿಯಲ್ಲಿತ್ತು. ಎಲೆಯ ಮುಂದೆ ಕೂತು ಮಟನ್ ಮುಟ್ಟಲಿಲ್ಲ ನಾನು, ಸೌತೆಕಾಯಿ ತಿಂದು ಎದ್ದೆ. ಪಂಕ್ತಿಯವರೆಲ್ಲ ಮೆಚ್ಚಿಕೊಂಡರು. ಆಮೇಲೆ ಛತ್ರದ ಹಿಂದಿನ ತೋಟದಲ್ಲಿ ಪುಟ್ಟರಾಜು ಲೋಟ ಹಿಡಿದು ಕರೆದ. ‘ಬಾಡೂ ತಿನ್ನಲಿಲ್ಲ, ಮುದ್ದೇನೂ ಮುಟ್ಟಲಿಲ್ಲ, ಇದ್ರಲ್ಲಿ ಏನೈತ್ಲಾ, ನೀರು. ನಾಳಿಕ್ಕೆ ಎರಡ್ ಸುತ್ತು ಜಾಸ್ತಿ ಓಡು, ಬೆವರಲ್ಲೇ ಒಂಟೋಯ್ತದೆ’ ಎಂದ. ಎಲೆಯ ಮುಂದೆ ಕೂತು ಅಷ್ಟೊಂದು ಗೆದ್ದಿದ್ದೇನಲ್ಲ, ಒಂದು ಲೋಟಕ್ಕೆ ನನಗೆ ಹಕ್ಕಿದೆ ಅನ್ನಿಸಿತು. ಕುಡಿದೆ. ಮಾರನೆಯ ದಿನ ನಿಜವಾಗಿಯೂ ಜಾಸ್ತಿ ಓಡಿದೆ. ಆ ವಾರವೂ ತೂಕ ಇಳಿದೇ ಇತ್ತು.

ಅಲ್ಲಿಗೆ ನನಗೊಂದು ಲೆಕ್ಕ ಸಿಕ್ಕಿಬಿಟ್ಟಿತು. ಸಂಜೆಗೆ ಕುಡಿತ ಇದೆ ಎಂದು ಗೊತ್ತಾದ ದಿನ ಮಧ್ಯಾಹ್ನದ ಊಟ ಬಿಡುತ್ತಿದ್ದೆ. ಹೆದ್ದಾರಿ ಬದಿಯ ಡಾಬಾದಲ್ಲಿ ಇಬ್ಬರೂ ಬೇಯಿಸಿದ ಕಡಲೆಕಾಯಿ ಮುಂದಿಟ್ಟುಕೊಂಡು, ಬೋಂಡದ ತಟ್ಟೆಯನ್ನು ದೂರ ತಳ್ಳಿ, ದೊಡ್ಡ ಪಥ್ಯದವರ ಹಾಗೆ ಕುಡಿಯುತ್ತಿದ್ದೆವು. ಅಪರೂಪಕ್ಕೆ ಎಂದು ಶುರುವಾದದ್ದು ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ. ಆಗಲೂ ಅದನ್ನು ಅಪರೂಪವೆಂದೇ ಕರೆಯುತ್ತಿದ್ದೆ. ಏಲಕ್ಕಿ ಜಗಿದು ಮನೆಗೆ ಬರುತ್ತಿದ್ದೆ. ಒಂದು ದಿನ ಅವ್ವ ಫೋನಿನಲ್ಲಿ ‘ಎಣ್ಣೆ ಬುಟ್ಟಿದ್ದೀಯೇನ್ಲಾ?’ ಎಂದು ಕೇಳಿದಳು. ‘ಪೂರ್ತಿ ಬುಟ್ಟಿವ್ನಿ ಕಣವ್ವ’ ಎಂದೆ. ಅವಳು ಕೇಳಿದ್ದು ತಿನ್ನುವುದು, ಕುಡಿಯುವುದು ಎರಡನ್ನೂ ಸೇರಿಸಿ ಎಂದು ನನಗೆ ಗೊತ್ತಿತ್ತು. ನಾನು ಉತ್ತರ ಕೊಟ್ಟದ್ದು ಒಗ್ಗರಣೆಯ ಎಣ್ಣೆಗೆ. ಸುಳ್ಳು ಹೇಳಲಿಲ್ಲವಲ್ಲ ಎಂದು ಒಳಗೊಳಗೇ ಜಾಣನಾದೆ ನೋಡು, ಅದನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ದಸರಾ ಮುಗಿದ ವಾರ ಏನಾಯಿತು ಎನ್ನುವುದು ನೀನೇ ಕಂಡಿದ್ದೀಯ. ಮತ್ತೆ ರಕ್ತ, ಮತ್ತೆ ಸ್ಕ್ಯಾನು. ತೂಕ ಇಳಿದಿದ್ದರೂ ಲಿವರು ಹದಕ್ಕೆ ಬಂದಿರಲಿಲ್ಲ, ರಕ್ತದಲ್ಲೂ ಏನೋ ಏರಿತ್ತು. ಈಗ ಆಪರೇಷನ್ ಆಗುವುದಿಲ್ಲ ಎಂದ ಡಾಕ್ಟರು ಎಲ್ಲರೆದುರಿಗೆ ‘ಕುಡಿಯುತ್ತೀರಾ?’ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ನೀನು ‘ನನ್ನ ತಮ್ಮ ಅಂಥವನಲ್ಲ ಡಾಕ್ಟ್ರೇ’ ಎಂದೆ. ನಾನು ಅದರ ಹಿಂದೆ ಅವಿತುಕೊಂಡೆ. ಹಾಗಾದರೆ ಊಟದಲ್ಲೇ ಏನೋ ಹೆಚ್ಚುಕಡಿಮೆ ಆಗಿದೆ ಎಂದರು. ಎಲ್ಲರೂ ಮೋಹಿನಿಯ ಕಡೆ ತಿರುಗಿದಿರಿ. ಹೊರಗಿನ ಬೆಂಚಿನ ಹತ್ತಿರ ಬಂದ ಮೇಲೆ ಅವ್ವ ‘ಅವ್ನು ಎಣ್ಣೆ ಬುಟ್ಟಿವ್ನಿ ಅಂತಾನೆ, ನೀನು ಕದ್ದು ಸುರೀತಿದ್ಯೇನಮ್ಮಿ?’ ಎಂದಳು. ನೀನು ಕೂಡ, ಸುಸ್ತಾಗಿ ಗೋಡೆಗೆ ಒರಗಿಕೊಂಡೇ, ‘ನನ್ ಮ್ಯಾಲೆ ನಿಂಗೇನು ಸಿಟ್ಟು ಮೋಹಿನಿ? ಇದ್ರೆ ಯೋಳ್ಬುಡು, ನಾನು ಸತ್ತರೂ ಒಂದೇ’ ಎಂದೆ. ಮೇಷ್ಟ್ರು ಭಾಷೆ ಮರೆತು ನೀನು ಊರ ಮಾತಲ್ಲಿ ಆಡಿದ್ದರಿಂದಲೇ ನಿನಗೆ ಎಷ್ಟು ನೊಂದಿತ್ತು ಎಂದು ತಿಳಿಯಿತು. ಮೋಹಿನಿ ನನ್ನನ್ನು ಒಂದು ಸಲ ನೋಡಿದಳು. ನಾನು ಗೋಡೆಯ ಮೇಲೆ ಅಂಟಿಸಿದ್ದ ಕೈ ತೊಳೆಯುವ ಚಿತ್ರ ನೋಡುತ್ತಾ ನಿಂತೆ.

ಅವಳಿಗೆ ಗೊತ್ತಿತ್ತು ಅಕ್ಕಾ. ಏಲಕ್ಕಿಯಿಂದ ಮುಚ್ಚುವಂಥ ವಾಸನೆಯೇ ಅದು? ಅಷ್ಟೂ ಜನರ ಎದುರು ನನ್ನ ಮಾನ ಉಳಿಸಲು ಬೈಗುಳ ನುಂಗಿಕೊಂಡಳು. ಬರುವಾಗ ಬಸ್ಸಿನಲ್ಲಿ ರಾಮನಗರ, ಚನ್ನಪಟ್ಟಣ ದಾಟಿದೆವು. ಮದ್ದೂರು ಹತ್ತಿರ ಬಂದಾಗ ‘ನೀವೇ ಯೋಳ್ತೀರ ಅಂತ ಕಾದೆ’ ಎಂದಳು. ಅಷ್ಟೇ. ನಾನು ‘ಮನೆಗೆ ಓಗಿ ಮಾತಾಡನ’ ಎಂದೆ. ಮನೆಗೆ ಹೋಗಿಯೂ ಮಾತಾಡಲಿಲ್ಲ. ಎರಡು ದಿನಕ್ಕೆ ಅವ್ವ ಗಂಟು ಕಟ್ಟಿಕೊಂಡು ಗುತ್ತಲಿಗೆ ಬಂದು ಒಲೆಯ ಮುಂದಿನಿಂದ ಅವಳನ್ನು ಏಳಿಸಿದಳು. ‘ನನ್ ಮಗುಂಗೆ ನಾನೇ ಬೇಯ್ಸಿ ಆಕ್ತೀನಿ, ನೀನು ಕೂತ್ಕೊ’ ಎಂದಳು. ಮೋಹಿನಿ ಕೂರಲಿಲ್ಲ, ಮಳವಳ್ಳಿಗೆ ತವರಿಗೆ ಹೋದಳು. ನಿನಗೆ ದೀಪಾವಳಿಗೆಂದು ಹೋಗಿದ್ದಾಳೆ ಎಂದು ಹೇಳಿದ್ದೆ. ಹಬ್ಬಕ್ಕಿನ್ನೂ ವಾರವಿತ್ತು.

ಅವಳು ಹೋದ ಮೇಲಾದರೂ ನಾನು ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಕಳೆದ ಭಾನುವಾರ ಜಿಮ್ಮಿನ ಚೀಲ ಹೆಗಲಿಗೆ ಹಾಕಿಕೊಂಡು ಡಾಬಾಕ್ಕೇ ಹೊರಟಿದ್ದೆ. ಮನೆಯ ಗೇಟಿನ ಹತ್ತಿರ ಪುಟ್ಟರಾಜು ಎಳನೀರಿನ ಗೊನೆ ಹಿಡಿದು ನಿಂತಿದ್ದ, ಅವ್ವ ಅವನಿಗೆ ನಿನ್ನ ಕಾಯಿಲೆ, ನನ್ನ ತ್ಯಾಗ, ಸೊಸೆಯ ದ್ರೋಹ ಎಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು. ಅವನ ಮುಖ ಬಿಳಿಚಿಕೊಂಡಿತು. ಗೊನೆಯನ್ನು ಅಲ್ಲೇ ಇಳಿಸಿ ನನ್ನನ್ನು ಬೀದಿಯ ತಿರುವಿಗೆ ಎಳೆದುಕೊಂಡು ಹೋದ. ‘ಲೇ ಚಲುವ, ನಂಗ್ಯಾಕ್ಲಾ ಯೋಳ್ನಿಲ್ಲ? ನಿಮ್ಮಕ್ಕನ ಅನ್ನುಕ್ಕೆ ನನ್ ಕೈಲಿ ಮಣ್ಣು ಆಕಿಸ್ಬುಟ್ಟಲ್ಲೋ! ನಿನ್ ಎಂಡ್ತಿ ಮ್ಯಾಲೆ ಅಪವಾದ ಬಂದಾಗ್ಲೂ ಸುಮ್ಕಿದ್ಯೇನ್ಲಾ?’ ಎಂದು ಕೂಗಾಡಿದ. ಆಮೇಲೆ ಆ ಗಟ್ಟಿ ಆಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತ. ಇಷ್ಟು ದಿನ ಮನಸ್ಸಿನಲ್ಲಿ ಅವನ ಮೇಲೆ ಹಾಕುತ್ತಿದ್ದ ಅರ್ಧ ತಪ್ಪೂ ಆ ಹೊತ್ತಿನಲ್ಲಿ ನನ್ನ ತಲೆಗೇ ಬಂತು.

ಅಲ್ಲಿಂದ ನೇರ ಮನೆಯೊಳಗೆ ಬಂದು ಅವ್ವನಿಗೆ ಹೇಳಿದೆ. ‘ಅವ್ವ, ನಾನು ಬುಟ್ಟಿದ್ದು ಅಡುಗೆ ಎಣ್ಣೆ. ಇನ್ನೊಂದು ಬುಟ್ಟಿರ್ಲಿಲ್ಲ’ ಎಂದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ‘ಆ ಎಣ್ ಮಗಿನ ಕಾಲ್ ಇಡೀಬೇಕು ನಾನು, ನಡಿ ಮಳವಳ್ಳಿಗೆ’ ಎಂದಳು.

ಆ ಸಂಜೆಯೇ ಹೋದೆವು. ನನ್ನ ಮಾವ ಲಿಂಗಯ್ಯನವರು ಜಗಲಿಯಲ್ಲಿ ಕೂತಿದ್ದರು, ಪಕ್ಕದ ಮನೆಯವರೂ ಇದ್ದರು. ಒಳಗೆ ಹೋಗಿ ಮಾತಾಡೋಣ ಎಂದರು ಮಾವ. ನಾಲ್ಕು ಜನರ ಎದುರು ಅವಳಿಗೆ ಬಂದ ಮಾತು, ನಾಲ್ಕು ಜನರ ಎದುರೇ ಹೋಗಲಿ ಎಂದು ನಿಂತುಕೊಂಡೇ ಎಲ್ಲ ಹೇಳಿದೆ. ಮೋಹಿನಿ ಬಾಗಿಲ ಹತ್ತಿರ ನಿಂತು ಕೇಳಿದಳು. ಅವ್ವ ಬಗ್ಗಲು ಹೋದಾಗ ಹಿಡಿದು ಎಬ್ಬಿಸಿದಳು, ಕಾಫಿ ಕೊಟ್ಟಳು. ನನಗೂ ಕೊಟ್ಟಳು, ಮುಖ ನೋಡದೆ. ‘ಬತ್ತೀಯಾ?’ ಎಂದು ಕೇಳಿದೆ. ‘ಮೊದ್ಲು ಅಕ್ಕ ಉಸಾರಾಗ್ಲಿ. ಆಮ್ಯಾಕೆ ನೋಡನ’ ಎಂದಳು. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ ಅಕ್ಕಾ. ಆಗ ನಿನಗೆ ಎಷ್ಟು ಸಂಕಟ ಇದ್ದಿರಬೇಕು ಅಂತಲೇ ಅಂದಳು.

ಗುರುವಾರ ಬೆಂಗಳೂರಿಗೆ ಬಂದು ಡಾಕ್ಟರನ್ನು ಕಂಡೆ. ಅಷ್ಟು ಹತ್ತಿರ ಬಂದೂ ನಿನ್ನ ಕೋಣೆಯ ಬೀದಿಗೆ ಕಾಲಿಡಲಾಗದೆ ವಾಪಸು ಬಸ್ಸು ಹತ್ತಿದೆ, ಕ್ಷಮಿಸು. ಡಾಕ್ಟರು ಬೈಯಲಿಲ್ಲ. ವ್ಯಾಯಾಮದಿಂದ ತೂಕ ಇಳಿಯುತ್ತದೆ, ಆದರೆ ಮದ್ಯವನ್ನು ಅರಗಿಸುವ ಕೆಲಸ ಲಿವರಿನದೇ, ಓಡಿದರೆ ಅದು ಬೆವರಾಗಿ ಹೋಗುವುದಿಲ್ಲ ಎಂದರು. ಪೂರ್ತಿ ನಿಲ್ಲಿಸಿದರೆ ಸುಧಾರಿಸುವ ಸಾಧ್ಯತೆ ಇದೆಯಂತೆ. ಹೇಳದೆ ಕೇಳದೆ ಕರೆದು ರಕ್ತ ಪರೀಕ್ಷೆ ಮಾಡುತ್ತಾರಂತೆ. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರೆಲ್ಲ ಸೇರಿ ತೀರ್ಮಾನಿಸುತ್ತಾರೆ. ಅಷ್ಟರಲ್ಲಿ, ತೀರಿಕೊಂಡವರ ಅಂಗ ಸಿಗುವ ಸರದಿಯಲ್ಲಿ ನಿನ್ನ ಹೆಸರು ಬರೆಸಲು ಭಾವನಿಗೆ ಹೇಳುತ್ತೇನೆ ಎಂದರು. ಬೇಡ ಎನ್ನಬೇಡ, ಬರೆಸು. ಮಂಗಳವಾರ ಮತ್ತೆ ಬರಲು ಹೇಳಿದ್ದಾರೆ.

ನಿನಗೆ ಇದ್ದ ತಿಂಗಳುಗಳನ್ನು ನಾನು ಕಡಲೆಕಾಯಿ ಮುಂದೆ ಕೂತು ಕಳೆದೆ. ಇದಕ್ಕೆ ಕ್ಷಮೆ ಕೇಳುವ ಮಾತು ನನಗೆ ಗೊತ್ತಿಲ್ಲ. ಅವ್ವ ನಿನ್ನ ಹೆಸರಿನಲ್ಲಿ ದಿನಾ ದೀಪ ಹಚ್ಚುತ್ತಾಳೆ, ಆಶೀರ್ವಾದ ಬರೆ ಎಂದಳು. ಭಾವನಿಗೆ ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊ, ನೆನಪಿಸಲು ನಯನ ಫೋನ್ ಮಾಡುತ್ತಾಳೆ.

ನಿನ್ನ ಕಾಲಿಗೆ ನಮಸ್ಕರಿಸುವ,
ತಮ್ಮ
ಚಲುವರಾಜು

ಮತ್ತೆ: ಕೆಂಪಯ್ಯ ಮಾವ ಬಾಗಿಲಲ್ಲಿ ನಿಂತು ರೈಲು ತಪ್ಪುತ್ತದೆ ಎನ್ನುತ್ತಿದ್ದಾರೆ. ಇಷ್ಟು ಬರೆದೂ ಇದನ್ನು ಬರೆಯಲು ಕೈ ಬಂದಿರಲಿಲ್ಲ. ಈಗ ಆಪರೇಷನ್ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರಲ್ಲ, ನೀನು ಕಣ್ಣು ಮುಚ್ಚಿಕೊಂಡೆ, ನನಗೆ ಮಾತ್ರ ಆ ಗಳಿಗೆಯಲ್ಲಿ ಉಸಿರು ಹಗುರಾಯಿತು. ನನಗೆ ಮೊದಲಿನಿಂದಲೂ ಹೆದರಿಕೆ ಅಕ್ಕಾ. ತೂಕ ಇಳಿದಷ್ಟೂ ಆ ಆಪರೇಷನ್ ಮೇಜು ಹತ್ತಿರ ಬರುತ್ತಿತ್ತು, ಅದಕ್ಕೇ ಕುಡಿದೆನೋ ಏನೋ. ಎಲ್ಲರೂ ಹೊಗಳಿದರು, ಹೆದರಿಕೆಯಾ ಎಂದು ಯಾರೂ ಕೇಳಲಿಲ್ಲ, ಗುರುವಾರ ಡಾಕ್ಟರು ಕೇಳಿದಾಗ ಇಲ್ಲ ಎಂದುಬಿಟ್ಟೆ. ಮಂಗಳವಾರ ಹೌದು ಎನ್ನುತ್ತೇನೆ. ಅದಕ್ಕೂ ಮುಂಚೆ ನಿನಗೆ ಗೊತ್ತಿರಲಿ. ಇಂಥವನದು ಬೇಡ ಅನ್ನಿಸಿದರೆ ಬೇಡ ಎಂದು ಹೇಳಿಬಿಡು, ಬೇಜಾರಿಲ್ಲ. ಬೇಕು ಎಂದರೆ ಬರುತ್ತೇನೆ. ಹೆದರಿಕೆ ಹೋಗಿಲ್ಲ, ಹೆದರಿಕೊಂಡೇ ಬರುತ್ತೇನೆ.