ಗುಡಿಯ ಜಗಲಿಯಲ್ಲಿ ಮಲಗುವ ಅಳಿಯಂದಿರಿಗೆ

ರಾಜಾಜಿನಗರ, ಬೆಂಗಳೂರು
೬-೧೨-೧೯೭೪, ಶುಕ್ರವಾರ

ಚಿರಂಜೀವಿ ಅಳಿಯಂದಿರು ಸೋಮಲಿಂಗಪ್ಪನವರಿಗೆ ನಿಮ್ಮ ಅತ್ತೆ ಚಿಕ್ಕಗಂಗಮ್ಮ ಮಾಡುವ ಆಶೀರ್ವಾದ. ಶಿವನ ದಯದಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಎಡಗೈ ಹೆಬ್ಬೆರಳಿನ ಗಾಯ ಹೇಗಿದೆ? ಕೀವು ಆಗಿಲ್ಲ ತಾನೆ? ಯಾರಿಗೂ ಹೇಳದ ಗಾಯ ಅತ್ತೆಗೆ ಹೇಗೆ ತಿಳಿಯಿತು ಎಂದು ಗಾಬರಿಯಾಗಬೇಡಿ, ಬರೆಯುತ್ತೇನೆ. ಮದುವೆಯಾಗಿ ಎರಡು ವರ್ಷವಾದರೂ ನಿಮ್ಮ ಎದುರಿಗೆ ನಿಂತು ನಾನು ನಾಲ್ಕು ಮಾತು ಆಡಿದವಳಲ್ಲ. ಬಾಗಿಲ ಹಿಂದೆ ನಿಂತು ಊಟಕ್ಕೆ ಎದ್ದೇಳಿ ಅಂದದ್ದೇ ಹೆಚ್ಚು. ಈಗ ಕಾಗದ ಬರೆಯುತ್ತಿದ್ದೇನೆ ಅಂದರೆ ನನ್ನ ಸಂಕಟ ನೀವೇ ತಿಳಿದುಕೊಳ್ಳಿ. ಇದನ್ನು ಚನ್ನಪಟ್ಟಣದ ನಿಮ್ಮ ಮನೆಗೆ ಹಾಕಿದರೆ ನನ್ನ ಮಗಳು ಸತ್ಯವತಿಯೇ ಮೊದಲು ಒಡೆದು ಓದುತ್ತಾಳೆ. ಅದಕ್ಕೇ ಅಂಚೆಗೆ ಹಾಕದೆ ಈಶ್ವರನ ಗುಡಿಯ ಐನೋರು ಗಂಗಾಧರಯ್ಯನವರ ಕೈಗೆ ಕೊಡುತ್ತಿದ್ದೇನೆ.

ಕಾರ್ತಿಕ ಮಾಸ ಪೂರ್ತಿ ಬೆಳಗ್ಗೆ ಐದೂವರೆಗೆ ಗುಡಿಗೆ ಹೋಗಿ ದೀಪ ಹಚ್ಚುವುದು ನನ್ನ ನೇಮ. ನಿನ್ನೆ ಹೋದಾಗ ಜಗಲಿಯ ಮೇಲೆ ಯಾರೋ ಕಂಬಕ್ಕೆ ಒತ್ತಿಕೊಂಡು, ಟಿಫನ್ ಡಬ್ಬಿಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದರು. ಯಾರೋ ಪರದೇಶಿ ಪಾಪ ಅಂದುಕೊಂಡೆ. ಹತ್ತಿರ ಹೋದರೆ ಹೊದ್ದಿದ್ದದ್ದು ದೀಪಾವಳಿಗೆ ನಾವೇ ಉಡುಗೊರೆ ಕೊಟ್ಟ ಕೆಂಪಂಚಿನ ಪಂಚೆ. ಹೊರಗೆ ಚಾಚಿದ್ದ ಕೈಯ ಬೆರಳಿಗೆ ಎಣ್ಣೆ ಮೆತ್ತಿದ ಬಟ್ಟೆ ಸುತ್ತಿತ್ತು. ಎಬ್ಬಿಸಬೇಕೆಂದು ಬಾಯಿವರೆಗೆ ಬಂತು. ಎದ್ದು ನನ್ನ ಮುಖ ನೋಡಿದರೆ ನಿಮಗೆ ಎಷ್ಟು ಹಿಂಸೆಯಾದೀತು ಎಂದು ಆ ಕಡೆಯ ಗೂಡಿನಲ್ಲಿ ದೀಪ ಇಟ್ಟು ಸದ್ದು ಮಾಡದೆ ಬಂದುಬಿಟ್ಟೆ. ಆಮೇಲೆ ಐನೋರನ್ನು ಕೇಳಿದೆ. "ವಾರಕ್ಕೆ ಎರಡು ಮೂರು ದಿನ ಇಲ್ಲೇ ಮಲಗ್ತಾರಮ್ಮ, ನೀವು ಬರೋ ಹೊತ್ತಿಗೆ ಎದ್ದು ಹೋಗಿರ್ತಾರೆ. ಓಟಿ ಅಂತ ರಾತ್ರಿವರೆಗೂ ಕೆಲಸ ಮಾಡಿ ರೈಲು ತಪ್ಪಿಹೋಗುತ್ತಂತೆ. ನಿಮ್ಮ ಅಳಿಯಾ ಅಂತ ನಂಗೇನು ಗೊತ್ತು, ಈ ಊರಲ್ಲಿ ಯಾರೂ ಇಲ್ಲ ಅಂದ್ರು" ಅಂದರು. ಯಾರೂ ಇಲ್ಲ ಅಂದಿರಂತೆ. ಗುಡಿಯಿಂದ ನಮ್ಮ ಮನೆಗೆ ಎಷ್ಟು ದೂರ ಅಳಿಯಂದಿರೆ? ಎರಡು ಬೀದಿ. ಅತ್ತ ಸತ್ಯವತಿ, ಅವರಿಗೆ ನೈಟ್ ಶಿಫ್ಟ್ ಹಾಕಿದಾರೆ ಅಮ್ಮಾ ಅಂತ ಬರೆದಿದ್ದಾಳೆ. ನೀವು ಕೆಲಸ ಮಾಡುವ ಲೇತ್ ಷೆಡ್ಡಿನಲ್ಲಿ ನೈಟ್ ಶಿಫ್ಟೇ ಇಲ್ಲ ಅಂತ ನಿಮ್ಮ ಮಾವನವರು ಅವತ್ತೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನೀವು ನಮ್ಮ ಮನೆ ಬಿಟ್ಟದ್ದು ಯಾಕೆ ಅಂತ ನನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ವಾರ ಇಲ್ಲೇ ಇದ್ದಿರಿ. ದೀಪಾವಳಿ ಕಳೆದ ಮೇಲೆ ನಲ್ಲಿ ಹತ್ತಿರ ಪಕ್ಕದ ಮನೆ ಅಲಮೇಲಮ್ಮ, "ಏನ್ರೀ, ಅಳಿಯಂದಿರು ಇನ್ನೂ ಹೊರಟಿಲ್ವಾ?" ಅಂತ ಕೇಳಿದರು. ನಾನು ದೊಡ್ಡ ಜಾಣೆಯ ಹಾಗೆ, "ಎಲ್ಲಿ ಕಣ್ರೀ, ಗೂಟ ಹೊಡ್ಕಂಡು ಕೂತವ್ರೆ. ಇನ್ನು ರೇಷನ್ ಕಾರ್ಡಿಗೆ ಹೆಸರು ಹಾಕಿಸೋದೊಂದು ಬಾಕಿ" ಅಂದು ನಕ್ಕೆ. ಗೋಡೆಯ ಆ ಕಡೆ ಬಚ್ಚಲಲ್ಲಿ ನೀವು ಸ್ನಾನ ಮಾಡುತ್ತಿದ್ದಿರಿ. ಅವತ್ತು ಸಂಜೆ ಎರಡನೇ ಮುದ್ದೆ ಬೇಡ ಅಂದಿರಿ. ಮಾರನೇ ದಿನ ಮಾವನವರಿಗೆ, "ಪಾಸು ಮಾಡಿಸ್ಕೋತೀನಿ ಮಾವ, ದಿನಾ ಓಡಾಡ್ತೀನಿ, ರೈಲಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಅಂದಿರಿ. ಹೆಂಡತಿಯ ಸೆಳೆತ ಅಂತ ನಾನು ಒಳಗೊಳಗೇ ಖುಷಿಪಟ್ಟೆ ನೋಡಿ! ಆ ಮಾತು ಮನಸ್ಸಿನಿಂದ ಬಂದದ್ದಲ್ಲ, ನಾಲಿಗೆ ತುದಿಯಿಂದ ಬಂದದ್ದು. ಆದರೂ ಆಡಿದವಳು ನಾನೇ. ನಿನ್ನೆಯಿಂದ ವಿಭೂತಿ ಹಚ್ಚಿಕೊಳ್ಳುವಾಗಲೂ ಅದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ತಪ್ಪಾಯಿತು. ವಯಸ್ಸಿನಲ್ಲಿ ದೊಡ್ಡವಳು ಎಂದು ನಿಮ್ಮ ಕಾಲು ಮುಟ್ಟುತ್ತಿಲ್ಲ ಅಷ್ಟೆ.

ಹದಿನಾರನೇ ತಾರೀಖು ಸೋಮವಾರ ಕಂಟ್ರಾಕ್ಟರನ ಹನ್ನೊಂದು ತಿಂಗಳ ಕೆಲಸದ ಕಾಗದಕ್ಕೆ ರುಜು ಹಾಕಬೇಕಂತಲ್ಲ. ಹಾಕಿ ಅನ್ನಲೋ ಬೇಡ ಅನ್ನಲೋ ನನಗೆ ತಿಳಿಯುತ್ತಿಲ್ಲ. ಊರಲ್ಲಿ ನೀವು ಮೊದಲಿದ್ದ ಬೊಂಬೆ ಕಡೆಯುವ ಅಂಗಡಿಯಲ್ಲಿ ಈಗ ವಾರಕ್ಕೆ ಮೂರು ದಿನವೂ ಕೆಲಸವಿಲ್ಲ ಅಂತ ಸತ್ಯವತಿಯೇ ಬರೆದಿದ್ದಳು. ಮರ ಕಡೆದ ಕೈ ಕಬ್ಬಿಣವನ್ನೂ ಕಲಿತಿದೆ, ಬಿಡಿ ಅನ್ನಲು ಬಾಯಿ ಬರುವುದಿಲ್ಲ. ಇತ್ತ ನಿಮ್ಮ ಮಾವನವರು, "ಹನ್ನೊಂದು ತಿಂಗಳು ದುಡಿಸ್ಕೊಂಡು ಒಂದು ತಿಂಗಳು ಮನೆಗೆ ಕಳಿಸ್ತಾರೆ ಕಣೇ, ಹಂಗೆ ಮಾಡಿದ್ರೆ ಕಾಯಂ ಮಾಡೋ ಗೋಜೇ ಇಲ್ವಲ್ಲ" ಅನ್ನುತ್ತಾರೆ. ಮಿಲ್ಲಿನಲ್ಲಿ ಅವರ ಜೊತೆ ಇದ್ದ ಮರಿಯಪ್ಪನ ಕಥೆಯನ್ನೂ ನಿನ್ನೆ ಹೇಳಿದರು. ಬಿಡದಿಯಿಂದ ಓಡಾಡುತ್ತಿದ್ದವನು, ನಾಲ್ಕು ಗಂಟೆಗೆ ಏಳುತ್ತಿದ್ದ. ಒಂದು ಮಧ್ಯಾಹ್ನ ನಿಂತಲ್ಲೇ ತೂಕಡಿಸಿ ಎರಡು ಬೆರಳು ಮಿಷನ್ನಿಗೆ ಕೊಟ್ಟ. ಬಿಡದಿಗಿಂತ ಚನ್ನಪಟ್ಟಣ ಇನ್ನೂ ದೂರ. ಆ ಬಟ್ಟೆ ಸುತ್ತಿದ ಹೆಬ್ಬೆರಳು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಕೆಲಸ ಬೇಕೋ ಬೇಡವೋ ನೀವು ತೀರ್ಮಾನ ಮಾಡಿ. ಜಗಲಿಯ ಮೇಲೆ ಅರೆನಿದ್ದೆ ಮಾಡಿ ಲೇತಿನ ಮುಂದೆ ನಿಲ್ಲುವುದು ಮಾತ್ರ ಬೇಡ. ಮಾವನ ಮನೆಯಲ್ಲಿ ಬಿದ್ದಿದ್ದಾನೆ ಅಂತ ಜನ ಅನ್ನುತ್ತಾರೆ ಎಂಬ ಅಂಜಿಕೆ ನಿಮಗಿರಬಹುದು. ಮೊದಲು ಅಂದವಳು ನಾನೇ ಆದ್ದರಿಂದ ಏನು ಹೇಳಲಿ.

ನಿಮ್ಮ ತಾಯಿಯವರಿಗೆ ನನ್ನ ಶರಣು ತಿಳಿಸಿ. ಮಾವನವರು ನಿಮಗೆ ಆಶೀರ್ವಾದ ಹೇಳಿದ್ದಾರೆ. ಆ ಈಶ್ವರ ನಿಮ್ಮ ಕೈಕಾಲು ಕಾಯಲಿ.

ಇತಿ,
ಚಿಕ್ಕಗಂಗಮ್ಮ

ಮತ್ತೆ: ಮಡಿಚಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ, ಇದನ್ನು ಒಯ್ಯಲು ಬಂದ ಐನೋರು ಗುಡಿಗೆ ಹೊರಡುವ ಹೊತ್ತು; ನೀವು ಜಗಲಿಗೆ ಬಂದಾಗ ಕೊಡುತ್ತಾರೆ. ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ. ಸಂಕ್ರಾಂತಿಗೆ ಮುಂಚೆ ಒಂದಕ್ಕೆ ಆಪರೇಷನ್ ಆಗಬೇಕು ಅಂದಿದ್ದಾರೆ ಡಾಕ್ಟರು. ನಿಮ್ಮನ್ನು ಕರೆಸಲು ಹೂಡಿದ ಆಟ ಅಂದುಕೊಳ್ಳಬೇಡಿ, ದೀಪಕ್ಕೆ ಹಾಕುವ ಎಣ್ಣೆಯನ್ನು ಕೈಮೇಲೆ ಸುರಿದುಕೊಳ್ಳುತ್ತೇನೆ, ಐನೋರನ್ನೇ ಕೇಳಿ. ಒಬ್ಬಳೇ ರಸ್ತೆ ದಾಟಲು ಭಯ. ಮಾವನವರಿಗೆ ಒಲೆ ಹಚ್ಚಲೂ ಬರುವುದಿಲ್ಲ, ಆಸ್ಪತ್ರೆ ಅಂದರೆ ಅವರು ಗೇಟಿನಲ್ಲೇ ನಿಂತುಬಿಡುತ್ತಾರೆ. ನನಗೆ ಮಗಳೂ ಬೇಕು, ಜೊತೆಗೆ ಒಬ್ಬ ಗಂಡಸೂ ಬೇಕು. ಈ ಭಾನುವಾರ ಸತ್ಯವತಿಯನ್ನು ಹಾಸಿಗೆ ಸಮೇತ ಕರೆದುಕೊಂಡು ಬನ್ನಿ. ಕಣ್ಣಿನ ವಿಷಯ ಅವಳಿಗೆ ನೀವೇ ಹೇಳಿ. ನಾನು ಹೇಳಿದರೆ ಇಬ್ಬರೂ ಅಳುತ್ತಾ ಕೂರುತ್ತೇವೆ.